ಹೆಸರು ಮೊದಲು, ಗುದ್ದಲಿ ಆಮೇಲೆ

ನೆರಳುಗಿಡಗಳ ಗುರುತು ಹಾಗೂ ಮನೆಯೊಳಗೆ ಅವುಗಳ ಸಾಕಣೆ

ರೋಹಿಣಿ ಮುಗಿದು ಮಿರಗದ ಮಳೆ ಹಿಡಿಯಿತೆಂದರೆ ಗೋವೆಯ ಕಾಡಂಚಿನ ಹಳ್ಳಿಗಳಲ್ಲಿ ಎರಡು ಕೆಲಸ ಒಟ್ಟಿಗೇ ಸುರುವಾಗುತ್ತವೆ. ಒಂದು, ಗದ್ದೆಯ ಮತ್ತು ಕುಳಾಗರದ ಕೆಲಸ. ಅದು ಹಿರಿಯರ ಕಾಲದಿಂದ ನಡೆದು ಬಂದದ್ದು. ಇನ್ನೊಂದು ಈಚಿನದು. ಗುಡ್ಡದ ನೆರಳಿನಲ್ಲಿ ಚೆಂದ ಕಂಡ ಗಿಡವನ್ನು ಬೇರುಸಹಿತ ಕಿತ್ತು ತಂದು, ಡಬ್ಬಿಗೆ ಹಾಕಿ ಪಡಸಾಲೆಯಲ್ಲಿ ಇಡುವದು. ಮನೆಯೊಳಗೆ ಗಿಡ ಬೆಳೆಸುವ ಹವ್ಯಾಸ ಪೇಟೆಯಿಂದ ಹಳ್ಳಿಗೂ ಬಂದಿದೆ. ಹವ್ಯಾಸ ಕೆಟ್ಟದ್ದಲ್ಲ. ಆದರೆ ಹೀಗೆ ತಂದ ಗಿಡಗಳಲ್ಲಿ ಅನೇಕವು ದೀಪಾವಳಿಯ ತನಕ ಬಾಳುವದಿಲ್ಲ. ಕೆಲವು ಮನೆಯ ಮಕ್ಕಳಿಗೆ ಅಪಾಯ ತರತಕ್ಕವು. ಕಿತ್ತ ಜಾಗದಲ್ಲಂತೂ ಬರಿಯ ಗುಣಿ ಉಳಿಯುತ್ತದೆ.

ನಾನು ಶಾಲೆಯಲ್ಲಿ ಪಾಠ ಹೇಳುವವನು. ಶಾಲೆ ಬಿಟ್ಟ ಮೇಲೆ ಅಡಿಕೆ-ತೆಂಗಿನ ಬುಡದಲ್ಲಿ ಕೈಕೆಸರು ಮಾಡಿಕೊಳ್ಳುವವನು. ಎರಡೂ ಕೆಲಸಗಳಿಂದ ನನಗೆ ದೃಢವಾದ ಒಂದೇ ಮಾತನ್ನು ಇಲ್ಲಿ ಹೇಳಬಯಸುತ್ತೇನೆ. ಹೆಸರು ತಿಳಿಯದ ಗಿಡಕ್ಕೆ ಗುದ್ದಲಿ ಹಾಕಬಾರದು. ಹೆಸರು ತಿಳಿದ ಮೇಲೆ ಗುದ್ದಲಿಯೇ ಬೇಕಾಗುವದಿಲ್ಲ. ಒಂದು ಹಣ್ಣಿನ ಬೀಜವೋ, ಗೇಣುದ್ದದ ಟೊಂಗೆಯೋ ಸಾಕಾಗುತ್ತದೆ.

ನಮಗೆ ಈ ಗಿಡಗಳ ಪರಿಚಯ ಏಕಿಲ್ಲ?

ಗೋವೆಯಲ್ಲಿ ನೆಲೆ ನಿಂತ ನಮ್ಮ ಜನರಲ್ಲಿ ಬಹಳ ಮಂದಿ ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ ಸೀಮೆಗಳಿಂದ ಬಂದವರು. ಅಲ್ಲಿ ಬೇವು, ಜಾಲಿ, ತಂಗಡಿ, ಲಕ್ಕಿ ಇವೇ ನಮ್ಮ ನೆಂಟರು. ಕಣ್ಣು ಮುಚ್ಚಿ ವಾಸನೆಯಿಂದಲೇ ಗುರುತು ಹಿಡಿಯುತ್ತೇವೆ. ವಿಜಯಪುರದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿ.ಮೀ.; ಗೋವೆಯಲ್ಲಿ ಸುಮಾರು 3000 ಮಿ.ಮೀ. ಅಂದರೆ ಐದು ಪಟ್ಟು. ಅದರ ಬಹುಭಾಗ ಜೂನದಿಂದ ಸಪ್ಟೆಂಬರದೊಳಗೇ ಸುರಿದುಹೋಗುತ್ತದೆ. ಇಂಥ ಮಳೆಯಲ್ಲಿ ಬೆಳೆದ ದಟ್ಟ ಕಾಡಿನ ನೆಲಕ್ಕೆ, ಮೇಲಿನ ಬಿಸಿಲಿನಲ್ಲಿ ನೂರಕ್ಕೆ ಒಂದೆರಡು ಪಾಲು ಮಾತ್ರ ಇಳಿಯುತ್ತದೆ. ಅಷ್ಟರಲ್ಲೇ ಬಾಳುವ ಗಿಡಗಳು ಬಯಲುಸೀಮೆಯಲ್ಲಿ ಹುಟ್ಟಿದವನಿಗೆ ಅಪರಿಚಿತವಾದದ್ದು ಸಹಜ. ಅದರಲ್ಲಿ ನಾಚಿಕೆಯೇನೂ ಇಲ್ಲ. ಆದರೆ ಇಲ್ಲಿ ಇಪ್ಪತ್ತು-ಮೂವತ್ತು ವರ್ಷ ದುಡಿದ ಮೇಲೂ ಹಿತ್ತಲ ಬೇಲಿಯಾಚೆಯ ಗಿಡ ಯಾವುದೆಂದು ಕೇಳದೆ ಇರುವದು ಸರಿಯಲ್ಲ.

ಇದರ ನಷ್ಟ ನಮ್ಮ ಮಕ್ಕಳಿಗೆ. ಅವರು ಮನೆಯಲ್ಲಿ ಕನ್ನಡ ಆಡುತ್ತಾರೆ, ಬೀದಿಯಲ್ಲಿ ಕೊಂಕಣಿ ಆಡುತ್ತಾರೆ. ಗಿಡ ತೋರಿಸಿ ಹೆಸರು ಕೇಳಿದರೆ ಎರಡರಲ್ಲಿಯೂ ಉತ್ತರವಿಲ್ಲ. ‘ಅದು ಜಂಗಲ್ ಗಿಡ ಸರ್’ ಎಂದುಬಿಡುತ್ತಾರೆ. ತಾನಿರುವ ನೆಲದ ಗಿಡಗಳಿಗೆಲ್ಲ ‘ಜಂಗಲ್’ ಎಂಬ ಒಂದೇ ಹೆಸರು ಇಟ್ಟುಕೊಂಡವನು ಆ ನೆಲದಲ್ಲಿ ಎಷ್ಟು ವರ್ಷವಿದ್ದರೂ ಬಿಡಾರದವನೇ.

ನೆರಳುಗಿಡ ಎಂದರೆ ಯಾವುದು?

ನೆರಳಿನಲ್ಲಿ ಕಂಡದ್ದೆಲ್ಲ ನೆರಳುಗಿಡವಲ್ಲ. ಗೋವೆಯಲ್ಲಿ ರಾನಮೋಡಿ ಎಂದೂ ಕರಾವಳಿಯ ಕನ್ನಡದಲ್ಲಿ ಕಮ್ಯುನಿಸ್ಟ್ ಗಿಡವೆಂದೂ ಕರೆಯುವ ಕಳೆ ಅಮೇರಿಕದಿಂದ ಬಂದದ್ದು. ಅದೂ ಲಂಟಾನವೂ ಬಿಸಿಲಿನ ಹಸಿವುಳ್ಳವು. ಮರ ಬಿದ್ದು ಮೇಲಿನ ಕೊಡೆ ಹರಿದಲ್ಲಿ ಮೊದಲು ನುಗ್ಗುವವು ಇವೇ. ಕಾಡಂಚಿನಲ್ಲಿ ನಡೆಯುತ್ತ ರಾನಮೋಡಿ ಎಲ್ಲಿ ನಿಂತಿತೋ ಅಲ್ಲಿಂದ ನಿಜವಾದ ನೆರಳು ಆರಂಭವೆಂದು ತಿಳಿಯಬಹುದು.

ನಿಜವಾದ ನೆರಳುಗಿಡದ ಎಲೆ ಸಾಮಾನ್ಯವಾಗಿ ಅಗಲ, ತೆಳು, ಕಡುಹಸಿರು. ಸಿಕ್ಕ ಸ್ವಲ್ಪ ಬೆಳಕನ್ನು ಹಿಡಿಯಲು ಅದು ತಾಟಿನಂತೆ ಹರಡಿರುತ್ತದೆ. ಒಂದರ ಮೇಲೊಂದು ಬೀಳದಂತೆ ಎಲೆಗಳು ಜೋಡಣೆಯಾಗಿರುತ್ತವೆ. ಅನೇಕವಕ್ಕೆ ಎಲೆಯ ತುದಿ ಉದ್ದವಾಗಿ ಚೂಪಾಗಿದ್ದು ಮಳೆನೀರು ಅದರಿಂದ ತೊಟ್ಟಿಕ್ಕಿ ಹೋಗುತ್ತದೆ. ಬೆಳಕು ಕಡಿಮೆಯಾದ್ದರಿಂದ ಈ ಗಿಡಗಳು ಬೆಳೆಯುವದು ನಿಧಾನ. ಸೊಂಟದೆತ್ತರದ ಕಂಟಿಗೆ ಹಲವು ವರ್ಷ ಆಗಿರಬಹುದು. ಅದನ್ನು ಎರಡು ನಿಮಿಷದಲ್ಲಿ ಕಿತ್ತಾಗ ನಾವು ಕಿತ್ತದ್ದು ಅಷ್ಟು ವರ್ಷಗಳ ಬೆಳವಣಿಗೆಯನ್ನು ಎಂಬದು ನೆನಪಿರಲಿ.

ಗುರುತಿಗೆ ಐದು ಪ್ರಶ್ನೆ

ಗಿಡದ ಗುರುತು ಹಿಡಿಯುವದು ಪಂಡಿತರ ವಿದ್ಯೆಯೇನಲ್ಲ. ದನಗಾಹಿ ಹುಡುಗನೂ ಮಾಡಬಲ್ಲ. ನಾನು ಮಕ್ಕಳಿಗೆ ಐದು ಪ್ರಶ್ನೆ ಕಲಿಸುತ್ತೇನೆ.

ಒಂದು: ಮುರಿದ ಎಲೆಯಿಂದ ಏನು ಒಸರುತ್ತದೆ? ಇದನ್ನು ಕಡ್ಡಿಯಿಂದ ನೋಡಬೇಕು, ಉಗುರಿನಿಂದಲ್ಲ. ಹಾಲು ಬಂದರೆ, ಅಥವಾ ಸೊನೆ ಕಪ್ಪಾದರೆ, ಅಲ್ಲಿಗೇ ಕೈ ಬಿಡಬೇಕು.

ಎರಡು: ಎಲೆಗಳು ಎದುರುಬದುರಾಗಿ ಜೋಡಿಯಾಗಿವೆಯೋ, ಒಂದು ಈ ಕಡೆ ಮತ್ತೊಂದು ಆ ಕಡೆ ಸರತಿಯಂತೆ ಇವೆಯೋ?

ಮೂರು: ಜೋಡಿ ಎಲೆಯಾದರೆ, ಎರಡು ತೊಟ್ಟುಗಳ ನಡುವೆ ಕಾಂಡದ ಮೇಲೆ ಮುಕ್ಕೋನದ ಸಣ್ಣ ಪೊರೆ ಉಂಟೇ? ಉಂಟಾದರೆ ಅದು ಬಹುಮಟ್ಟಿಗೆ ಕಾಫಿಯ ಕುಲದ್ದು.

ನಾಲ್ಕು: ಎಳೆಯ ಟೊಂಗೆ ದುಂಡೋ, ಚೌಕವೋ? ತುಳಸಿಯದು ಚೌಕವೆಂದು ಎಲ್ಲರೂ ಬಲ್ಲರು. ಗುಡ್ಡದ ಕಾರ್ವಿಯ ಎಳೆ ಟೊಂಗೆಯೂ ಚೌಕ. ಎಲೆಯನ್ನು ಬೆಳಕಿಗೆ ಹಿಡಿದರೆ ಚುಕ್ಕೆ ಕಾಣುತ್ತವೆಯೇ ಎಂಬದನ್ನೂ ಇದರ ಜೊತೆಗೆ ನೋಡಬೇಕು. ಕರಿಬೇವಿನ ಎಲೆಯಲ್ಲಿ ಎಣ್ಣೆಯ ಚುಕ್ಕೆಗಳಿವೆ. ವಾಸನೆ ಬರುವದು ಅವುಗಳಿಂದಲೇ.

ಐದು: ಹೂವಿಗೆ ಎಷ್ಟು ದಳ? ಕಾಯಿ ಒಣಗಿ ಸಿಡಿಯುತ್ತದೆಯೋ, ರಸಭರಿತ ಹಣ್ಣಾಗುತ್ತದೆಯೋ?

ಈ ಐದನ್ನು ಒಂದೇ ಗುಡ್ಡದ ಮೂರು ಕಂಟಿಗಳ ಮೇಲೆ ಪ್ರಯೋಗಿಸಿ ನೋಡೋಣ. ಮೂರಕ್ಕೂ ಜೋಡಿ ಎಲೆ, ಮೂರಕ್ಕೂ ತೊಟ್ಟುಗಳ ನಡುವೆ ಪೊರೆ. ಆದುದರಿಂದ ಮೂರೂ ಕಾಫಿಯ ನೆಂಟರು. ಮೊದಲನೆಯದಕ್ಕೆ ಕೆಂಪು ಹೂಗೊಂಚಲು, ಒಂದೊಂದು ಹೂವಿಗೆ ನಾಲ್ಕು ದಳ, ತಿನ್ನಲು ಬರುವ ಸಣ್ಣ ಹಣ್ಣು. ಅದು ಕೇಪಳ, ಗೋವೆಯಲ್ಲಿ ಪಿಟಕೊಳಿ ಎನ್ನುವರು. ಎರಡನೆಯದಕ್ಕೂ ನಾಲ್ಕೇ ದಳ, ಆದರೆ ಹೂ ಬಿಳಿ, ನಡುವಿನಿಂದ ಉದ್ದನೆಯ ಎಳೆ ಹೊರಚಾಚಿರುತ್ತದೆ. ಎಲೆಯಲ್ಲಿ ಅಲ್ಲಲ್ಲಿ ಸಣ್ಣ ಕಪ್ಪು ಗಂಟುಗಳು. ಅದು ಪಾವಟೆ. ಆ ಗಂಟು ರೋಗವಲ್ಲ. ಗಿಡದ ಜೊತೆಗೇ ಬಾಳುವ ಸೂಕ್ಷ್ಮಜೀವಿಗಳ ಮನೆ. ಮೂರನೆಯದಕ್ಕೆ ಕಿತ್ತಳೆ ಬಣ್ಣದ ಚಿಕ್ಕ ಹೂ, ಐದು ದಳ. ಪಕ್ಕದಲ್ಲಿ ಹಾಲಿನಂಥ ಬಿಳಿಯ ಒಂದು ದೊಡ್ಡ ‘ಎಲೆ’. ಅದು ಬೆಳ್ಳಟ್ಟಿ. ಆ ಬಿಳಿಯದು ಎಲೆಯಲ್ಲ, ಹೂವಿನ ಕೆಳಗಿನ ಹಸಿರು ಬಟ್ಟಲಿನ ಒಂದು ಎಸಳು ದೊಡ್ಡದಾಗಿ ಬೆಳ್ಳಗಾದದ್ದು. ದೂರದ ಚಿಟ್ಟೆಗೆ ಅದೇ ಬಾವುಟ.

ಹತ್ತು ನಿಮಿಷದಲ್ಲಿ ಮೂರು ಗಿಡಗಳ ಪರಿಚಯವಾಯಿತು. ಯಾವುದನ್ನೂ ಕೀಳಲಿಲ್ಲ.

ಹೆಸರನ್ನು ಯಾರಲ್ಲಿ ಕೇಳಬೇಕು?

ಲಕ್ಷಣ ಕಂಡುಕೊಂಡ ಮೇಲೆ ಹೆಸರು ಬೇಕು. ಈಗ ಮೊಬೈಲಿಗೆ ಫೋಟೋ ಕೊಟ್ಟರೆ ಅದು ಹೆಸರು ಹೇಳುತ್ತದೆ. ಉಪಯುಕ್ತವೇ, ನಾನೂ ಬಳಸುತ್ತೇನೆ. ಆದರೆ ಅದು ಹೇಳುವದು ಊಹೆ. ಹೂವಿಲ್ಲದ ಬರಿಯ ಎಲೆಯ ಫೋಟೋದಿಂದ ಅದು ಎಡವುವದು ಸಾಮಾನ್ಯ. ಮೊಬೈಲಿನ ಮಾತು ನಂಬಿ ಏನನ್ನೂ ಬಾಯಿಗೆ ಹಾಕಬಾರದು.

ಊರ ಹಿರಿಯರನ್ನು ಕೇಳಬೇಕು. ಚವತಿಯ ಹಬ್ಬಕ್ಕೆ ಗೋವೆಯ ಮನೆಮನೆಗಳಲ್ಲಿ ಗಣಪತಿಯ ಮೇಲೆ ಮಾಟೋಳಿ ಕಟ್ಟುತ್ತಾರೆ. ಕಾಡಿನ ಹಣ್ಣು, ಕಾಯಿ, ಹೂಗಳನ್ನು ಅದಕ್ಕೆ ತೂಗಬಿಡುತ್ತಾರೆ. ಅದನ್ನು ಕಟ್ಟುವ ಅಜ್ಜ-ಅಜ್ಜಿಯರಿಗೆ ಯಾವ ಗಿಡ ಯಾವ ಕೊಳ್ಳದಲ್ಲಿ ಉಂಟೆಂದು ಗೊತ್ತು. ‘ಬಾಯ್, ಹ್ಯಾಕಾ ಕಿತೆಂ ಮ್ಹಣ್ಟಾತ್?’ ಎಂದು ವಿನಯದಿಂದ ಕೇಳಿದರೆ ಹೇಳದೆ ಇರುವವರು ವಿರಳ.

ಹೀಗೆ ಕೇಳಿ ತಿಳಿಯುವದು ಸಣ್ಣತನವಲ್ಲ. ಗಾರ್ಸಿಯಾ ದ ಓರ್ತಾ ಎಂಬ ಪೋರ್ತುಗೀಜ ವೈದ್ಯನು ಇಲ್ಲಿಯ ಗಿಡಮೂಲಿಕೆಗಳ ಕುರಿತು ಬರೆದ ಗ್ರಂಥ 1563ರಲ್ಲಿ ಗೋವೆಯಲ್ಲೇ ಅಚ್ಚಾಯಿತು. ಅದು ಇಡಿಯಾಗಿ ಪ್ರಶ್ನೋತ್ತರದ ರೂಪದಲ್ಲಿದೆ. ನೂರು ವರ್ಷಗಳ ಮೇಲೆ ಕೊಚ್ಚಿಯ ಡಚ್ಚರ ಅಧಿಕಾರಿ ವಾನ್ ರೀಡ್ ಎಂಬವನು ಮಲಬಾರಿನ ಸಸ್ಯಗಳ ಮೇಲೆ ‘ಹೋರ್ಟಸ್ ಮಲಬಾರಿಕಸ್’ ಎಂಬ ಗ್ರಂಥವನ್ನು ಮಾಡಿಸಿದನು. 1678ರಿಂದ 1693ರ ವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಅದು ಹೊರಬಂತು. ಅದಕ್ಕೆ ತಿಳಿವಳಿಕೆ ಒದಗಿಸಿದವರು ಇಟ್ಟಿ ಅಚ್ಯುತನೆಂಬ ಮಲೆಯಾಳಿ ವೈದ್ಯನೂ, ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ವೈದ್ಯರೂ. ಆ ಮೂವರು 1675ರಲ್ಲಿ ಕೊಂಕಣಿಯಲ್ಲಿ ಬರೆದುಕೊಟ್ಟ ಪ್ರಮಾಣಪತ್ರ ಮೊದಲನೆಯ ಸಂಪುಟದಲ್ಲಿದೆ. ಅಧಿಕಾರವುಳ್ಳವನೇ ಕೂತು ಕೇಳಿ ಬರೆಸಿಕೊಂಡ ಮೇಲೆ ನಮಗೇನು ಸಂಕೋಚ?

ಎರಡು ಭಾಷೆಯ ಹೆಸರುಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಸಂತೋಷವೂ ಉಂಟು. ನಾವು ಒಂದೆಲಗ ಎನ್ನುವದನ್ನು ಕೊಂಕಣಿಯವರು ಎಕಪಾನಿ ಎನ್ನುತ್ತಾರೆ. ಅದೂ ‘ಒಂದು ಎಲೆ’ಯೇ. ಮರದ ಕವೆಯಲ್ಲಿ ಮಳೆಗಾಲಕ್ಕೆ ಚಿಗುರುವ, ಪತ್ರೊಡೆಗೆ ಬರುವ ಕೆಸುವನ್ನು ನಾವು ಮರಕೆಸು ಎಂದರೆ ಮರಾಠಿಯವರು ರುಖಾಳು ಎನ್ನುತ್ತಾರೆ, ಅರ್ಥ ಒಂದೇ. ಗಡಿಯ ಎರಡೂ ಕಡೆಯ ಜನ ಒಂದೇ ಗಿಡವನ್ನು ಒಂದೇ ಕಣ್ಣಿನಿಂದ ನೋಡಿದ್ದರು.

ಮುಟ್ಟಬಾರದವು, ಬಾಯಿಗೆ ಹಾಕಬಾರದವು

ಹೆಸರು ಮೊದಲೆಂದು ನಾನು ಪಟ್ಟು ಹಿಡಿಯುವದಕ್ಕೆ ಮುಖ್ಯ ಕಾರಣ ಇಲ್ಲಿದೆ. ಹೊಳಗೇರು ಎಂಬ ಮರ ಎಳೆಯದಿದ್ದಾಗ ನೆರಳಿನಲ್ಲಿ ಅಂದವಾದ ಅಗಲ ಎಲೆಯ ಕಂಟಿಯಂತೆಯೇ ಕಾಣುತ್ತದೆ. ಅದು ಗೇರಿನ ಕುಲದ್ದು. ಸೊನೆ ಹೊರಬಂದು ಕಪ್ಪಾಗುತ್ತದೆ, ತಾಗಿದಲ್ಲಿ ಚರ್ಮ ಬೊಬ್ಬೆ ಏಳುತ್ತದೆ. ಎಲೆಯ ತೊಟ್ಟಿನ ಮೇಲೆ ಎರಡು ಮೆತ್ತನೆಯ ಮುಳ್ಳಿನಂಥ ಚಾಚುಗಳು ಇದರ ಗುರುತು. ಅವು ಕೆಲವೊಮ್ಮೆ ಉದುರಿಹೋಗಿರುತ್ತವೆ. ಗುರುತು ಸಿಗದಿದ್ದರೆ ಮುಟ್ಟದಿರುವದೇ ಲೇಸು.

ಅಗ್ನಿಶಿಖೆಯ ಹೂ ನೋಡಿ ಮರುಳಾಗದವರಿಲ್ಲ. ಎಲೆಯ ತುದಿ ಸುರುಳಿಯಾಗಿ ಪಕ್ಕದ ಕಂಟಿಯನ್ನು ಹಿಡಿದುಕೊಳ್ಳುವದೇ ಅದರ ಗುರುತು. ಅದರ ಗಡ್ಡೆಯಲ್ಲಿ ಕೋಲ್ಚಿಸಿನ್ ಎಂಬ ಉಗ್ರ ವಿಷವಿದೆ. ಕಾಡುಗೆಣಸೆಂದು ಬಗೆದು ತಿಂದರೆ ಪ್ರಾಣಕ್ಕೆ ಸಂಚಕಾರ. ಮಕ್ಕಳಿರುವ ಮನೆಗೆ ಇದನ್ನು ತರಲೇ ಬಾರದು.

ಕೆಸುವಿನ ಕುಲದ ಎಲ್ಲ ಗಿಡಗಳ ಎಲೆ-ದಂಟುಗಳಲ್ಲಿ ಸೂಜಿಯಂಥ ಅತಿಸಣ್ಣ ಹರಳುಗಳಿವೆ. ಕೆಸು ತುರಿಸುವದು ಇದರಿಂದಲೇ. ಅದಕ್ಕೇ ಹಿರಿಯರು ಹುಣಿಸೆಯನ್ನೋ ಆಮಸೂಲನ್ನೋ ಹಾಕಿ ಚೆನ್ನಾಗಿ ಬೇಯಿಸುತ್ತಾರೆ. ನರ್ಸರಿಯಿಂದ ತರುವ ಡಿಫೆನ್‌ಬೇಕಿಯಾ, ಮನಿ ಪ್ಲಾಂಟ್, ನಮ್ಮದೇ ಕಾಡಿನ ಅಡಕೆಬೀಳು ಬಳ್ಳಿ ಎಲ್ಲವೂ ಇದೇ ಕುಲದವು. ಡಿಫೆನ್‌ಬೇಕಿಯಾದ ಎಲೆ ಅಗಿದರೆ ನಾಲಿಗೆ, ಗಂಟಲು ಬಾತುಕೊಳ್ಳುತ್ತವೆ. ಅಂಬೆಗಾಲಿಡುವ ಕೂಸು ಇರುವಲ್ಲಿ ಇವುಗಳನ್ನು ಎತ್ತರದಲ್ಲಿ ಇಡತಕ್ಕದ್ದು. ‘ನಮ್ಮ ಗಿಡ’ ಎಂದ ಮಾತ್ರಕ್ಕೆ ನಿರಪಾಯ ಎಂದಲ್ಲ.

ಕಾಡಿನಿಂದ ಕೀಳುವದು ಬೇಡ

ಮ್ಹಾದಯಿ, ನೇತ್ರಾವಳಿ, ಖೋತಿಗಾಂವ, ಬೋಂಡ್ಲಾ, ಮೊಲ್ಲೆಂ ಇವು ಗೋವೆಯ ಸಂರಕ್ಷಿತ ವನಗಳು. ಇವುಗಳಲ್ಲಿ ಮ್ಹಾದಯಿ, ನೇತ್ರಾವಳಿಗಳನ್ನು 1999ರಲ್ಲಿ ಅಭಯಾರಣ್ಯವೆಂದು ಸಾರಲಾಯಿತು. 1972ರ ವನ್ಯಜೀವಿ ಕಾಯಿದೆಯಂತೆ ಅಭಯಾರಣ್ಯದಿಂದ ಗಿಡ ಕಿತ್ತು ತರುವದು ಅಪರಾಧ. ಮೀಸಲು ಅರಣ್ಯಕ್ಕೂ ನಿರ್ಬಂಧವುಂಟು. ಪರಊರಿನಲ್ಲಿ ದುಡಿದು ತಿನ್ನುವ ನಮ್ಮವರಿಗೆ ಎರಡು ಗಿಡದ ಆಸೆಗೆ ಕೋರ್ಟು-ಕಚೇರಿ ಬೇಕೆ?

ಕಾಯಿದೆಯನ್ನು ಬದಿಗಿಟ್ಟರೂ ಲೆಕ್ಕ ಕೂಡುವದಿಲ್ಲ. ಗಿಡಕ್ಕೆ ನೀರು ಹೀರಿಕೊಡುವವು ದಪ್ಪ ಬೇರುಗಳಲ್ಲ, ಕೂದಲಿನಂಥ ಎಳೆಬೇರುಗಳು. ಕೀಳುವಾಗ ಮೊದಲು ಹರಿಯುವವು ಅವೇ. ಮೇಲೆ ಎಲೆಗಳು ಅಷ್ಟೇ ಇರುತ್ತವೆ, ಕೆಳಗೆ ನೀರು ಕೊಡುವವರಿಲ್ಲ. ಗಿಡ ಹದಿನೈದು ದಿನ ಹಸಿರಾಗಿದ್ದು ನಮ್ಮನ್ನು ನಂಬಿಸುತ್ತದೆ; ಆಮೇಲೆ ಒಣಗುತ್ತದೆ. ಬೀಜದಿಂದ ಎದ್ದ ಸಸಿಯಾದರೆ ಮೊದಲ ದಿನದಿಂದಲೇ ಕುಂಡದ ಮಣ್ಣಿಗೂ ಮನೆಯ ಬೆಳಕಿಗೂ ಒಗ್ಗಿರುತ್ತದೆ.

ಹಾಗಾದರೆ ಬೀಜ, ಟೊಂಗೆ ಎಲ್ಲಿಂದ? ಸ್ವಂತ ಕುಳಾಗರದ ಅಂಚು, ಕೆಲಸಕ್ಕೆ ಹೋಗುವ ತೋಟದ ಧಣಿಯ ಒಪ್ಪಿಗೆ, ನೆರೆಮನೆಯ ಬೇಲಿ, ಬಾವಿಯ ಜಂಬಿಟ್ಟಿಗೆ ಗೋಡೆ. ನೆರಳುಗಿಡಗಳ ಭಂಡಾರ ಇವೇ. ಅಡಿಕೆ-ತೆಂಗಿನ ಕೆಳಗೆ ಬಾಳೆ, ಮೆಣಸು, ಅದರ ಕೆಳಗೆ ಅರಿಶಿನ ಎಂದು ಪದರುಪದರಾಗಿ ನಿಲ್ಲಿಸಿದ ಕುಳಾಗರವೇ ಕಾಡಿನ ನೆರಳನ್ನು ನೋಡಿ ಕಲಿತ ಪಾಠ.

ಮನೆಯೊಳಗೆ ಸಾಕುವ ಬಗೆ

ಮೊದಲು ಬೆಳಕನ್ನು ಅಳೆಯಬೇಕು. ಬಯಲಿನ ಮಧ್ಯಾಹ್ನದ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್ ಆದರೆ, ಕೋಣೆಯ ನಡುವೆ ಕೆಲವೇ ನೂರು. ನಮ್ಮ ಕಣ್ಣು ಹೊಂದಿಕೊಳ್ಳುವದರಿಂದ ಈ ಅಂತರ ನಮಗೆ ತಿಳಿಯುವದಿಲ್ಲ, ಗಿಡಕ್ಕೆ ತಿಳಿಯುತ್ತದೆ. ಯಂತ್ರ ಬೇಡ. ಗಿಡ ಇಡುವಲ್ಲಿ ಬಿಳಿ ಕಾಗದ ಹಾಸಿ, ಒಂದು ಗೇಣು ಮೇಲೆ ಕೈ ಹಿಡಿಯಿರಿ. ಬೆರಳುಗಳ ನೆರಳು ಸ್ಪಷ್ಟವಾಗಿ ಬಿದ್ದರೆ ಅದು ಒಳ್ಳೆಯ ಬೆಳಕು. ಅಂಗೈ ಆಕಾರ ಮಸುಕಾಗಿ ಬಿದ್ದರೆ ಮಧ್ಯಮ. ನೆರಳೇ ಬೀಳದಿದ್ದರೆ ಅಲ್ಲಿ ಯಾವ ಗಿಡವೂ ಬಹುಕಾಲ ಬಾಳದು, ಅಂಗಡಿಯವನು ಏನೇ ಹೇಳಲಿ.

ಬೆಳಗಿನ ಬಿಸಿಲು ಬರುವ ಕಿಟಕಿಗೆ ಕೇಪಳ ಮತ್ತು ಪೊದೆಮೆಣಸು ಯೋಗ್ಯ. ಕೇಪಳದ ಹಣ್ಣಿನ ತಿರುಳು ತೊಳೆದು ಬೀಜವನ್ನು ಹಸಿಯಾಗಿಯೇ ಊರಬೇಕು. ಇಲ್ಲವೆ ಮಳೆಗಾಲದಲ್ಲಿ ಅರೆಬಲಿತ ಟೊಂಗೆಯನ್ನು ಗೇಣುದ್ದ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಎರಡು ಗೆಣ್ಣು ಮಣ್ಣೊಳಗೆ ಇರುವಂತೆ ನೆಡಬೇಕು. ದಿನಕ್ಕೆ ಮೂರು-ನಾಲ್ಕು ತಾಸು ಬಿಸಿಲು ತಾಗದಿದ್ದರೆ ಅದು ಬದುಕೀತು, ಹೂ ಬಿಡಲಾರದು. ಮೆಣಸಿನ ಬಳ್ಳಿಯಲ್ಲಿ ಏರುವ ಕುಡಿ ಬೇರೆ, ಕಾಳು ಬಿಡುವ ಅಡ್ಡಟೊಂಗೆ ಬೇರೆ. ಏರುವ ಕುಡಿ ನೆಟ್ಟರೆ ಬಳ್ಳಿಯಾಗುತ್ತದೆ. ಅಡ್ಡಟೊಂಗೆಯನ್ನು ಮೂರು-ನಾಲ್ಕು ಗೆಣ್ಣು ಇರುವಂತೆ ಕತ್ತರಿಸಿ ಬೇರು ಬರಿಸಿದರೆ ಅದು ಏರುವದೇ ಇಲ್ಲ, ಕುಂಡದಲ್ಲೇ ಪೊದೆಯಾಗಿ ಕಾಳು ಬಿಡುತ್ತದೆ. ಬೇರು ಬರಲು ಒಂದೂವರೆ-ಎರಡು ತಿಂಗಳು ತಾಳ್ಮೆ ಬೇಕು. ಕಾಳುಮೆಣಸು ಈ ಘಟ್ಟದ ಮಗಳೇ. ಚೆಂದಕ್ಕೆ ಚೆಂದ, ಸಾರಿಗೆ ಸಾರು.

ಪಡಸಾಲೆಯ ಮಧ್ಯಮ ಬೆಳಕಿಗೆ ಬೋಡಿನ ಗಿಡವೆಂಬ ಕಂಟಿ ಹೇಳಿಮಾಡಿಸಿದ್ದು. ದಪ್ಪ ಹೊಳೆಯುವ ಎಲೆ, ನಸುಗೆಂಪು ನಕ್ಷತ್ರದಂಥ ಹೂ, ಕೆಂಪಾಗಿ ಆಮೇಲೆ ಕಪ್ಪಾಗುವ ಹಣ್ಣು. ಹಣ್ಣಿನ ಬೀಜದಿಂದ ಸುಲಭವಾಗಿ ಏಳುತ್ತದೆ. ಹಿಪ್ಪಲಿಯ ಗೆಣ್ಣು, ಒಂದೆಲಗದ ಬಿಳಲು, ಬಾವಿಗೋಡೆಯ ಜರಿಗಿಡದ ಒಂದು ಬುಡ ಇವೂ ಅಲ್ಲಿ ಬಾಳುತ್ತವೆ. ಜರಿಗಿಡದ ಎಲೆಯ ಹಿಂದೆ ಸಾಲಾಗಿ ಕಂದು ಚುಕ್ಕೆ ಕಂಡರೆ ಹುಳವೆಂದು ಔಷಧ ಹೊಡೆಯಬೇಡಿರಿ. ಅವು ಅದರ ಬೀಜದ ಬದಲಿನ ಪುಡಿಚೀಲಗಳು. ತಗಡಿನ ಮಾಡಿನ ಕಾದ ಕೋಣೆಯಲ್ಲಿ ಮಾತ್ರ ಜರಿಗಿಡ ನಿಲ್ಲದು.

ಇನ್ನೂ ಒಳಗೆ, ಬೆಳಕು ಕಡಿಮೆ ಇರುವಲ್ಲಿ ಅಡಕೆಬೀಳು ಬಳ್ಳಿ ಬಾಳುತ್ತದೆ. ಕಿತ್ತಳೆಯ ಎಲೆಗಿರುವಂತೆ ಇದರ ತೊಟ್ಟಿಗೂ ಅಗಲವಾದ ರೆಕ್ಕೆ. ಒಂದರ ತಲೆಗೊಂದು ಎಲೆ ಅಂಟಿಸಿದಂತೆ ಕಾಣುತ್ತದೆ. ಎರಡು ಗೆಣ್ಣಿನ ತುಂಡು ಸಾಕು. ಎಲೆಯಲ್ಲಿ ತೂತು ಇರುವ ಮಾನ್ಸ್ಟೆರಾ ಎಂಬ ಮೆಕ್ಸಿಕೋದ ಗಿಡಕ್ಕೆ ಪೇಟೆಯವರು ನೂರಾರು ರೂಪಾಯಿ ಕೊಡುತ್ತಾರೆ. ಮರಾಠಿಯವರು ಗಣೇಶಕಂದ ಎನ್ನುವ ನಮ್ಮ ಘಟ್ಟದ ಬಳ್ಳಿಯೊಂದಕ್ಕೂ ಎಲೆ ಬಲಿತಂತೆ ತೂತು ಬೀಳುತ್ತವೆ. ಅದನ್ನು ತಿರುಗಿ ನೋಡುವವರಿಲ್ಲ. ಊರಿಗೆ ಹೋದಾಗ ದಕ್ಷಿಣ ಭಾರತದ ಒಣನೆಲದ ಮಂಜಿನ ನಾರು ಸಿಕ್ಕರೆ ಅದರ ಒಂದು ಮರಿಯನ್ನೂ ತಂದಿಡಬಹುದು. ಅದು ನೆರಳನ್ನೂ ನೀರಿನ ಕೊರತೆಯನ್ನೂ ತಾಳುತ್ತದೆ. ಒಳಗಿನ ಕುಂಡಗಳನ್ನು ಹದಿನೈದು ದಿನಕ್ಕೊಮ್ಮೆ ಪಡಸಾಲೆಯ ಬೆಳಕಿಗೆ ತಂದು ಸರತಿ ಬದಲಿಸುವದು ಒಳ್ಳೆಯದು.

ಮಣ್ಣಿಗೆ ಕೆಂಪುಮಣ್ಣು, ಕೊಳೆತ ಎಲೆಗೊಬ್ಬರ, ಜಂಬಿಟ್ಟಿಗೆಯ ನುಚ್ಚು ಅಥವಾ ಹೊಳೆಯ ಮರಳು, ಸಮಪಾಲು. ಸಮುದ್ರದ ಮರಳು ಉಪ್ಪಿರುವದರಿಂದ ಬೇಡ. ಕುಂಡದ ತಳಕ್ಕೆ ತೂತು ಇರಲೇಬೇಕು. ನೀರು ಹಾಕುವ ಮುಂಚೆ ಬೆರಳನ್ನು ಎರಡು ಗಿಣ್ಣಿನ ತನಕ ಮಣ್ಣಿಗೆ ಇಳಿಸಿ ನೋಡಬೇಕು; ತೇವವಿದ್ದರೆ ನೀರು ಬೇಡ. ಮನೆಯೊಳಗಿನ ಗಿಡಗಳು ಬಾಯಾರಿ ಸಾಯುವದಕ್ಕಿಂತ ಕೊಳೆತು ಸಾಯುವದೇ ಹೆಚ್ಚು. ಅದರಲ್ಲಿಯೂ ಗೋವೆಯ ಮಳೆಗಾಲದಲ್ಲಿ ಗಾಳಿಯೇ ಒದ್ದೆಯಾಗಿರುತ್ತದೆ. ಕುಂಡದ ಕೆಳಗಿನ ತಟ್ಟೆಯ ನೀರನ್ನು ವಾರಕ್ಕೊಮ್ಮೆ ತಪ್ಪದೆ ಚೆಲ್ಲಿ ಉಜ್ಜಬೇಕು. ಡೆಂಗಿಯ ಸೊಳ್ಳೆ ಮೊಟ್ಟೆಯಿಂದ ರೆಕ್ಕೆ ಮೂಡುವ ತನಕ ತೆಗೆದುಕೊಳ್ಳುವದು ಸುಮಾರು ಒಂದು ವಾರ, ಹತ್ತು ದಿನ ಮಾತ್ರ.

ಒಂದು ತಪ್ಪು ಕಲ್ಪನೆಯನ್ನೂ ಇಲ್ಲಿ ತಿದ್ದಬೇಕು. ನಾಲ್ಕು ಕುಂಡ ಇಟ್ಟರೆ ಮನೆಯ ಗಾಳಿ ಶುದ್ಧವಾಗುವದೆಂದು ಮಾರುವವರು ಹೇಳುತ್ತಾರೆ. ಅಮೇರಿಕದ ನಾಸಾ ಸಂಸ್ಥೆ 1989ರಲ್ಲಿ ಮುಚ್ಚಿದ ಪೆಟ್ಟಿಗೆಯೊಳಗೆ ಮಾಡಿದ ಪ್ರಯೋಗದಿಂದ ಹುಟ್ಟಿದ ಮಾತು ಅದು. ಅಂಥ ಪ್ರಯೋಗಗಳನ್ನೆಲ್ಲ 2019ರಲ್ಲಿ ಮರಳಿ ಲೆಕ್ಕ ಹಾಕಿದ ವಿಜ್ಞಾನಿಗಳು, ಕಿಟಕಿಯ ಗಾಳಿಗೆ ಸಾಟಿಯಾಗಬೇಕಾದರೆ ಒಂದೊಂದು ಚದರ ಮೀಟರಿಗೆ 10ರಿಂದ 1000 ಗಿಡ ಬೇಕಾದೀತೆಂದು ತೋರಿಸಿದರು. ಗಾಳಿ ಬೇಕಾದರೆ ಕಿಟಕಿ ತೆರೆಯಿರಿ. ಗಿಡವನ್ನು ಕಣ್ಣಿಗಾಗಿ, ಅರಿವಿಗಾಗಿ ಸಾಕಿರಿ.

ಆಕ್ಷೇಪಣೆಗೆ ಸಮಾಧಾನ

‘ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವೇ?’ ಎಂದು ಕೆಲವರು ಕೇಳಿಯಾರು. ನಾನು ಹೇಳಿದ ಗಿಡಗಳಿಗೆ ಬಿಡಿಗಾಸಿನ ಖರ್ಚಿಲ್ಲ. ಒಡೆದ ಕೊಡ, ತೆಂಗಿನ ಕರಟ, ಹಳೆಯ ಡಬ್ಬಿ ಸಾಕು. ಮೆಣಸು, ಹಿಪ್ಪಲಿ, ಒಂದೆಲಗ ಅಡಿಗೆಗೂ ಔಷಧಕ್ಕೂ ಬರತಕ್ಕವು. ಹೊಳಗೇರು ಯಾವುದು, ಕೇಪಳ ಯಾವುದು ಎಂದು ಅರಿತ ಮಗು ಕಾಡಂಚಿನಲ್ಲಿ ಆಡುವಾಗ ತಾಯಿಗೆ ನೆಮ್ಮದಿ. ಇದು ಜುಟ್ಟಿನ ಹೂವಿನ ಮಾತಲ್ಲ.

‘ಪರದೇಶದ ಗಿಡವೆಲ್ಲ ಕೆಟ್ಟದ್ದೇ?’ ಎಂದೂ ಕೇಳಬಹುದು. ಹಾಗೆ ನಾನು ಅನ್ನಲಾರೆ. ಮೆಣಸಿನಕಾಯಿ, ಅನಾನಸು ಅಮೇರಿಕದಿಂದ ಬಂದವು. ಗೋಡಂಬಿ ಬ್ರಾಝಿಲಿನಿಂದ ಪೋರ್ತುಗೀಜರ ಹಡಗಿನಲ್ಲಿ ಬಂದದ್ದು. ಇಂದು ಅದಿಲ್ಲದ ಗೋವೆಯನ್ನು ಊಹಿಸಲಾಗದು. ಮನಿ ಪ್ಲಾಂಟ್ ಪೆಸಿಫಿಕ್ ಸಾಗರದ ಒಂದು ಚಿಕ್ಕ ದ್ವೀಪದ್ದು. ಮನೆಯೊಳಗೆ ಇರಲಿ, ಕಸದೊಡನೆ ಕಾಡಂಚಿಗೆ ಎಸೆದರೆ ಅದು ಮರವೇರಿ ಹಬ್ಬುತ್ತದೆ. ಬಂದವರನ್ನು ಬಾ ಎನ್ನೋಣ. ಇದ್ದವರನ್ನು ಮರೆಯುವದು ಬೇಡ. ಗಡಿ ದಾಟಿ ಬಂದು ದುಡಿಯುವ ನಮಗಿಂತ ಚೆನ್ನಾಗಿ ಈ ಮಾತು ಯಾರಿಗೆ ಅರ್ಥವಾದೀತು?

‘ನಾವು ಬಾಡಿಗೆ ಮನೆಯವರು, ಇವತ್ತು ಇಲ್ಲಿ, ನಾಳೆ ಎಲ್ಲೋ’ ಎಂಬವರೂ ಇದ್ದಾರೆ. ಕುಂಡದ ಅನುಕೂಲವೇ ಅದು. ಸಾಮಾನಿನ ಗಾಡಿಯಲ್ಲಿ ಅದೂ ಬರುತ್ತದೆ. ಕಲಿತ ಹೆಸರಂತೂ ಭಾರವೇ ಇಲ್ಲದ ಸಾಮಾನು.

ಆದುದರಿಂದ ವಾಚಕ ಬಾಂಧವರಲ್ಲಿ ನನ್ನ ಕೇಳಿಕೆ ಇಷ್ಟು. ಈ ಮಳೆಗಾಲದಲ್ಲಿ ಮನೆಗೆ ಮೂರು ಕುಂಡ. ಮೂರರಲ್ಲಿಯೂ ಈ ನೆಲದ ಗಿಡ, ಬೀಜದಿಂದಲೋ ಟೊಂಗೆಯಿಂದಲೋ ಎಬ್ಬಿಸಿದ್ದು. ಪ್ರತಿ ಕುಂಡಕ್ಕೆ ಒಂದು ಚೀಟಿ. ಅದರಲ್ಲಿ ಕನ್ನಡದ ಹೆಸರು, ಕೊಂಕಣಿಯ ಹೆಸರು, ಹೇಳಿಕೊಟ್ಟ ಹಿರಿಯರ ಹೆಸರು. ಬರೆಯುವ ಕೆಲಸ ಮಕ್ಕಳದಾಗಿರಲಿ. ಶಾಲೆಯಿದ್ದಲ್ಲಿ ಮಾಸ್ತರರು ವಾರಕ್ಕೊಂದು ತಾಸು ಮಕ್ಕಳನ್ನು ಬೇಲಿಯ ಹತ್ತಿರ ನಿಲ್ಲಿಸಿ ಐದು ಪ್ರಶ್ನೆ ಕೇಳಲಿ. ಕಾಡಂಚಿಗೆ ಹೋಗುವಾಗ ಗುದ್ದಲಿ ಮನೆಯಲ್ಲೇ ಇರಲಿ. ಕೈಯಲ್ಲಿ ಒಂದು ನೋಟುಪುಸ್ತಕ, ಒಂದು ಪೆನ್ಸಿಲು ಇದ್ದರೆ ಸಾಕು.